ಬೈಕ್ ಸೈಲೆನ್ಸರ್ ಬದಲಿಸಿದರೆ ಬದಲಾಗುವುದು ಸದ್ದಷ್ಟೇ ಅಲ್ಲ: ಏನಿದು ಟ್ಯೂನಿಂಗ್? ಬಿಎಸ್6 ಬೈಕ್‌ನಲ್ಲಿ ಇದು ಸಾಧ್ಯವೇ? ಕಾನೂನು ಏನನ್ನುತ್ತದೆ?

ಮುಂಬೈ: ಮುಂಬೈ ಪೂರ್ವ ವಿಭಾಗದ ಆರ್‌ಟಿಒ ಕಚೇರಿ ಇರುವುದು ವಡಾಲದ ಟ್ರಕ್ ಟರ್ಮಿನಲ್ ಬಳಿ. ಎಂಎಚ್-03 ನಂಬರ್ ಪ್ಲೇಟ್ ಹೊತ್ತ ಬೈಕ್‌ಗಳ ದಾಖಲೆ ಇಲ್ಲಿಗೆ ಸೇರುತ್ತದೆ. ಆ ದಾಖಲೆಯಲ್ಲಿ ಪ್ರತಿ ಬೈಕ್ ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಇದೆ. ಆದರೆ ರಸ್ತೆಯಲ್ಲಿ ಓಡುವ ಬೈಕ್‌ಗಳೆಲ್ಲ ಹಾಗಿಲ್ಲ. ಕೆಲವಕ್ಕೆ ಇಂದೋರಿ ಸೈಲೆನ್ಸರ್, ಕೆಲವಕ್ಕೆ ಪಂಜಾಬ್ ಸೈಲೆನ್ಸರ್, ಇನ್ನು ಕೆಲವಕ್ಕೆ ಆನ್‌ಲೈನ್‌ನಲ್ಲಿ ತರಿಸಿದ ಗಿಡ್ಡ ಪೈಪು.

ಸೈಲೆನ್ಸರ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಎರಡು ನಟ್ಟು, ಒಂದು ಬೋಲ್ಟು ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಆಕ್ಸಲರೇಟರ್ ಬಿಟ್ಟಾಗಲೆಲ್ಲ ಪಟಾಕಿ ಹೊಡೆದಂತೆ ಸದ್ದು, ಸಿಗ್ನಲ್‌ನಲ್ಲಿ ನಿಂತರೆ ಕಾಲಿಗೆ ಬಡಿಯುವ ಬಿಸಿ, ಹೊರಡುವಾಗ ಪಿಕಪ್ ಇಲ್ಲ. ಗ್ಯಾರೇಜ್‌ಗೆ ಹೋದರೆ ಸಿಗುವ ಉತ್ತರ ಒಂದೇ: "ಟ್ಯೂನಿಂಗ್ ಮಾಡಿಸಬೇಕು."

ಹಾಗಾದರೆ ಏನಿದು ಟ್ಯೂನಿಂಗ್? ಹಳೆಯ ಕಾರ್ಬೊರೇಟರ್ ಬೈಕ್‌ಗೆ ಮಾಡುವ ಟ್ಯೂನಿಂಗ್ ಹೊಸ ಬಿಎಸ್6 ಬೈಕ್‌ಗೂ ನಡೆಯುತ್ತದೆಯೇ? ದುಡ್ಡು ಕೊಡುವ ಮುನ್ನ ಬೈಕ್ ಸವಾರರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಸೈಲೆನ್ಸರ್ ಎಂದರೆ ಎಂಜಿನ್‌ನ ಉಸಿರಾಟದ ಒಂದು ಭಾಗ

ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ, ಅದರ ಜತೆ ಪೆಟ್ರೋಲ್ ಸುಡುತ್ತದೆ, ಹೊಗೆಯನ್ನು ಹೊರಹಾಕುತ್ತದೆ. ಏರ್ ಫಿಲ್ಟರ್ ಮೂಗಾದರೆ ಸೈಲೆನ್ಸರ್ ಉಸಿರು ಬಿಡುವ ದಾರಿ. ಒಂದು ಕಡೆ ಬದಲಾವಣೆ ಮಾಡಿದರೆ ಇನ್ನೊಂದು ಕಡೆಯ ಲೆಕ್ಕವೂ ತಪ್ಪುತ್ತದೆ.

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆ ಹೊರಹೋಗುವ ವಾಲ್ವ್ ಮುಚ್ಚುವ ಮುನ್ನವೇ ಹೊಸ ಗಾಳಿ ಒಳಬರುವ ವಾಲ್ವ್ ತೆರೆದುಕೊಳ್ಳುತ್ತದೆ. ಕ್ಷಣದ ಒಂದು ಸಣ್ಣ ಪಾಲಿನಷ್ಟು ಹೊತ್ತು ಎರಡೂ ತೆರೆದಿರುತ್ತವೆ. ಆ ಹೊತ್ತಿನಲ್ಲಿ ಪೈಪ್‌ನೊಳಗೆ ಹೋಗಿಬರುವ ಒತ್ತಡದ ಅಲೆ ಸರಿಯಾಗಿ ಹೊಂದಿಕೊಂಡರೆ, ಉಳಿದ ಹೊಗೆಯನ್ನು ಹೊರಕ್ಕೆ ಎಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಪೈಪ್‌ನ ಉದ್ದ ಮತ್ತು ಅಗಲ ಬದಲಾದರೆ ಆ ಅಲೆ ಬರುವ ಹೊತ್ತು ಬದಲಾಗುತ್ತದೆ.

"ಎಂಜಿನ್‌ಗೆ ಬ್ಯಾಕ್ ಪ್ರೆಷರ್ ಬೇಕು, ಅದಿಲ್ಲದೆ ಪಿಕಪ್ ಹೋಗುತ್ತದೆ" ಎಂಬ ಮಾತು ಗ್ಯಾರೇಜ್‌ಗಳಲ್ಲಿ ಸಾಮಾನ್ಯ. ಇದು ಅರ್ಧ ಸತ್ಯ. ಎಂಜಿನ್‌ಗೆ ಅಡೆತಡೆ ಬೇಕಿಲ್ಲ, ಆದರೆ ಸರಿಯಾದ ಹೊತ್ತಿಗೆ ಬರುವ ಒತ್ತಡದ ಅಲೆ ಬೇಕು. ಅಗಲವಾದ ನೇರ ಪೈಪು ಹಾಕಿದಾಗ ಹೆಚ್ಚಿನ ಆರ್‌ಪಿಎಂನಲ್ಲಿ ಒಂದಿಷ್ಟು ಶಕ್ತಿ ಹೆಚ್ಚಬಹುದು, ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ಬಲ ತಗ್ಗಬಹುದು. ಮುಂಬೈನ ಟ್ರಾಫಿಕ್‌ನಲ್ಲಿ ಬೈಕ್ ಹೆಚ್ಚು ಹೊತ್ತು ಇರುವುದು ಕಡಿಮೆ ಆರ್‌ಪಿಎಂನಲ್ಲಿಯೇ. ಅಂದರೆ ಲಾಭ ಬರುವ ಜಾಗಕ್ಕೆ ಸವಾರ ಹೋಗುವುದೇ ಅಪರೂಪ.

ಟೂ ಸ್ಟ್ರೋಕ್ ಬೈಕ್‌ಗಳಲ್ಲಿ ಈ ಸಂಬಂಧ ಇನ್ನೂ ಗಟ್ಟಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಇರಲಿ, ಯಮಹಾ ಆರ್‌ಎಕ್ಸ್ 100 ಇರಲಿ, ಅವುಗಳ ಪೈಪ್‌ನ ಆಕಾರವೇ ಹೊರಕ್ಕೆ ಸೋರುವ ಹೊಸ ಮಿಶ್ರಣವನ್ನು ಸಿಲಿಂಡರ್‌ಗೆ ಮರಳಿ ತಳ್ಳಲು ನೆರವಾಗುತ್ತದೆ. ಅಲ್ಲಿ ಸೈಲೆನ್ಸರ್‌ನ ಒಳಭಾಗ ಕಿತ್ತು ಹಾಕಿದರೆ ಎಂಜಿನ್‌ನ ಒಂದು ಭಾಗವನ್ನೇ ಕಿತ್ತಂತೆ.

ಎಲ್ಲದರ ಮೂಲ ಒಂದು ಅನುಪಾತ

ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ಬೇಕಾದ ಗಾಳಿಯ ಲೆಕ್ಕ ತೂಕದಲ್ಲಿ 14.7ಕ್ಕೆ 1. ಅಂದರೆ ಒಂದು ಗ್ರಾಂ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಅದು 'ಲೀನ್' ಮಿಶ್ರಣ. ಪೆಟ್ರೋಲ್ ಹೆಚ್ಚಾದರೆ 'ರಿಚ್'. ಹೆಚ್ಚಿನ ಶಕ್ತಿ ಸಿಗುವುದು ಸುಮಾರು 12.5ರಿಂದ 13ರ ಆಸುಪಾಸಿನಲ್ಲಿ, ಅಂದರೆ ಸ್ವಲ್ಪ ರಿಚ್ ಇದ್ದಾಗ.

ಈಗ ಬಂಕ್‌ಗಳಲ್ಲಿ ಸಿಗುತ್ತಿರುವುದು ಎಥೆನಾಲ್ ಬೆರೆಸಿದ ಪೆಟ್ರೋಲ್ ಎಂಬುದನ್ನೂ ನೆನಪಿಡಬೇಕು. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ, ಸುಮಾರು 9ಕ್ಕೆ 1. ಶೇ 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲ್‌ಗೆ ಬೇಕಾದ ಅನುಪಾತ ಸುಮಾರು 13.5. ಶುದ್ಧ ಪೆಟ್ರೋಲ್‌ಗೆಂದು ಜೆಟ್ ಹೊಂದಿಸಿದ ಹಳೆಯ ಕಾರ್ಬೊರೇಟರ್ ಬೈಕ್‌ಗೆ ಇ20 ಹಾಕಿದಾಗಲೇ ಮಿಶ್ರಣ ಒಂದು ಹೆಜ್ಜೆ ಲೀನ್ ಆಗಿರುತ್ತದೆ. ಅದರ ಮೇಲೆ ಓಪನ್ ಸೈಲೆನ್ಸರ್ ಸೇರಿದರೆ ಎರಡನೇ ಹೆಜ್ಜೆ.

ಮಾಲಿನ್ಯ ನಿಯಮಗಳಿಗೆ ಹೊಂದಿಸಲು ಕಂಪನಿಗಳು ಮಿಶ್ರಣವನ್ನು ಮೊದಲೇ ಬಿಗಿಯಾಗಿ ಇಟ್ಟಿರುತ್ತವೆ. ಹೀಗಾಗಿ ಸಣ್ಣ ಬದಲಾವಣೆಯೂ ಬೇಗ ಗೊತ್ತಾಗುತ್ತದೆ.

ಲೀನ್ ಆಗಿದೆಯೇ, ರಿಚ್ ಆಗಿದೆಯೇ? ಗುರುತಿಸುವುದು ಹೀಗೆ

ಲೀನ್ ಆದರೆ: ಆಕ್ಸಲರೇಟರ್ ಕೊಟ್ಟ ತಕ್ಷಣ ಬೈಕ್ ತಡವರಿಸುತ್ತದೆ. ಬಿಟ್ಟಾಗ ಪಟಪಟ ಸಿಡಿಯುತ್ತದೆ. ಎಂಜಿನ್ ಎಂದಿಗಿಂತ ಹೆಚ್ಚು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್‌ನ ತುದಿ ಬಿಳಿಚಿಕೊಂಡಿರುತ್ತದೆ.

ರಿಚ್ ಆದರೆ: ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಮೈಲೇಜ್ ಕುಸಿತ. ಪ್ಲಗ್ ಮೇಲೆ ಒಣ ಮಸಿ ಕೂತಿರುತ್ತದೆ.

ಸರಿಯಾಗಿದ್ದರೆ: ಪ್ಲಗ್‌ನ ತುದಿ ತಿಳಿಕಂದು ಬಣ್ಣದಲ್ಲಿರುತ್ತದೆ. ಆದರೆ ಇಂದಿನ ಪೆಟ್ರೋಲ್‌ನಲ್ಲಿ, ಅದರಲ್ಲೂ ಇಂಜೆಕ್ಷನ್ ಬೈಕ್‌ಗಳಲ್ಲಿ, ಪ್ಲಗ್‌ನ ಬಣ್ಣವೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ.

ಇವೆರಡರಲ್ಲಿ ಹೆಚ್ಚು ಅಪಾಯ ಲೀನ್‌ನದು. ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರ್ ಒಳಭಾಗ ಒಂದಿಷ್ಟು ತಣ್ಣಗಾಗುತ್ತದೆ. ಆ ತಂಪು ಇಲ್ಲದೆ ಭಾರ ಹೊತ್ತು ಓಡಿದರೆ ಎಂಜಿನ್ ನಾಕ್ ಆಗತೊಡಗುತ್ತದೆ, ಹೊಗೆ ಹೊರಹೋಗುವ ವಾಲ್ವ್ ಸುಟ್ಟುಹೋಗಬಹುದು, ಪಿಸ್ಟನ್‌ಗೂ ಹಾನಿಯಾಗಬಹುದು. ರಿಚ್ ಆದ ಬೈಕ್ ಮೊದಲು ಜೇಬಿಗೆ ಹೊರೆ. ಲೀನ್ ಆದ ಬೈಕ್ ಏನೂ ಹೇಳದೆ ಎಂಜಿನ್ ಕೆಲಸವನ್ನೇ ತಂದಿಡಬಹುದು.

ಜೆಟ್ ಮುಟ್ಟುವ ಮೊದಲು ಲೀಕ್ ನೋಡಿ

ಪಟಾಕಿ ಸದ್ದು ಕೇಳಿದ ಕೂಡಲೇ ಮಿಶ್ರಣವೇ ತಪ್ಪಿದೆ ಎಂದುಕೊಳ್ಳುವುದು ಬೇಡ. ಬೆಂಡ್ ಪೈಪ್ ಎಂಜಿನ್‌ಗೆ ಸೇರುವ ಜಾಗದಲ್ಲಿ ಒಂದು ಗ್ಯಾಸ್ಕೆಟ್ ಇರುತ್ತದೆ. ಒಮ್ಮೆ ಬಿಗಿದು ಅಮುಕಿದ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದರೆ ಅಲ್ಲಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಸುಡದೆ ಉಳಿದ ಪೆಟ್ರೋಲ್ ಆ ಗಾಳಿ ಸಿಕ್ಕಿ ಬಿಸಿ ಪೈಪಿನಲ್ಲಿ ಹೊತ್ತಿಕೊಳ್ಳುತ್ತದೆ. ಅದೇ ಆ ಸಿಡಿತ.

ಆದ್ದರಿಂದ ಸೈಲೆನ್ಸರ್ ಬದಲಿಸಿದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕಿಸಬೇಕು. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಬೇಕು. ಏರ್ ಫಿಲ್ಟರ್, ಪ್ಲಗ್, ವಾಲ್ವ್ ಕ್ಲಿಯರೆನ್ಸ್ ಸರಿ ಇವೆಯೇ ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಮಾತ್ರ ಟ್ಯೂನಿಂಗ್ ಮಾತು.

ಇನ್ನೊಂದು ವಿಷಯ. ಕಂಪನಿ ಸೈಲೆನ್ಸರ್ ಇದ್ದಾಗಲೂ ಸಣ್ಣ ಸಿಡಿತ ಇದ್ದಿರಬಹುದು, ಅದು ಕಿವಿಗೆ ಬೀಳುತ್ತಿರಲಿಲ್ಲ. ಓಪನ್ ಪೈಪು ಅದನ್ನು ಕೇಳಿಸುತ್ತದೆ, ಅಷ್ಟೆ.

ಕಾರ್ಬೊರೇಟರ್ ಬೈಕ್‌ನಲ್ಲಿ ಟ್ಯೂನಿಂಗ್ ಹೇಗೆ?

ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹರಿವನ್ನು ನಿರ್ಧರಿಸುವ ಭಾಗಗಳು ಮುಖ್ಯವಾಗಿ ಮೂರು. ಆಕ್ಸಲರೇಟರ್ ಎಷ್ಟು ತಿರುಗಿದೆ ಎಂಬುದರ ಮೇಲೆ ಯಾವುದು ಕೆಲಸ ಮಾಡುತ್ತದೆ ಎಂಬುದು ನಿಂತಿದೆ.

* ಐಡ್ಲಿಂಗ್‌ನಿಂದ ಕಾಲು ಭಾಗದವರೆಗೆ: ಪೈಲಟ್ ಜೆಟ್ ಮತ್ತು ಮಿಕ್ಸ್ಚರ್ ಸ್ಕ್ರೂ
* ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ: ಜೆಟ್ ಸೂಜಿ
* ಮುಕ್ಕಾಲು ಭಾಗದಿಂದ ಪೂರ್ತಿಯವರೆಗೆ: ಮೇನ್ ಜೆಟ್

ಆದ್ದರಿಂದ ಮೆಕ್ಯಾನಿಕ್‌ಗೆ "ಬೈಕ್ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಸಾಲದು. ತೊಂದರೆ ಸಿಗ್ನಲ್‌ನಿಂದ ಹೊರಡುವಾಗಲೋ, 50-60ರ ವೇಗದಲ್ಲಿ ಹೋಗುವಾಗಲೋ, ಪೂರ್ತಿ ಆಕ್ಸಲರೇಟರ್ ಕೊಟ್ಟಾಗಲೋ ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಮಿಕ್ಸ್ಚರ್ ಸ್ಕ್ರೂ ಹೊಂದಿಸುವುದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚು ಮತ್ತು ನಯವಾಗಿ ಇರುವ ಜಾಗ ಹುಡುಕಬೇಕು. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಬೇಕು. ಇಲ್ಲೊಂದು ಎಚ್ಚರಿಕೆ ಬೇಕು. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ರಿಚ್. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್‌ನ ಸ್ಕ್ರೂ, ಹೊರಗೆ ತಿರುಗಿಸಿದರೆ ರಿಚ್. ಎರಡರ ದಿಕ್ಕು ತದ್ವಿರುದ್ಧ. ಇದನ್ನು ತಿಳಿಯದೆ ತಿರುಗಿಸಿದರೆ ಲೀನ್ ಇದ್ದದ್ದು ಇನ್ನಷ್ಟು ಲೀನ್ ಆಗುತ್ತದೆ.

ಸೂಜಿಯ ತಲೆಯ ಹತ್ತಿರ ಸಣ್ಣ ಗೀರುಗಳಿದ್ದು, ಒಂದರಲ್ಲಿ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದರೆ ಸೂಜಿ ಮೇಲೇಳುತ್ತದೆ, ಹೆಚ್ಚು ಪೆಟ್ರೋಲ್ ಹೋಗುತ್ತದೆ. ಕೆಲವು ಬೈಕ್‌ಗಳ ಸೂಜಿಯಲ್ಲಿ ಗೀರುಗಳೇ ಇರುವುದಿಲ್ಲ. ಅಂಥವಕ್ಕೆ ತೆಳು ವಾಷರ್ ಇಟ್ಟು ಎತ್ತರಿಸುತ್ತಾರೆ.

ಮೇನ್ ಜೆಟ್‌ನ ಮೇಲೆ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ತೂತು ದೊಡ್ಡದು. ಸೈಲೆನ್ಸರ್ ಮಾತ್ರ ಬದಲಾಗಿದ್ದರೆ ಒಂದು ಅಥವಾ ಎರಡು ಅಳತೆ ದೊಡ್ಡ ಜೆಟ್ ಸಾಕಾಗುವುದು ಸಾಮಾನ್ಯ. ಕಂಪನಿ ಜೆಟ್‌ನ ತೂತನ್ನು ಸೂಜಿ ಹಾಕಿ ಅಗಲ ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಎಷ್ಟು ಅಗಲವಾಯಿತು ಎಂಬ ಲೆಕ್ಕ ಸಿಗುವುದಿಲ್ಲ, ಹಿಂದಿನ ಸ್ಥಿತಿಗೆ ತರಲೂ ಆಗುವುದಿಲ್ಲ. ಹಳೆಯ ಜೆಟ್ ಎತ್ತಿಟ್ಟು ನಂಬರ್ ಇರುವ ಹೊಸ ಜೆಟ್ ಕೊಂಡು ಹಾಕಿಸುವುದೇ ಸರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಟ್ಯೂನಿಂಗ್‌ನ ಮೊದಲ ನಿಯಮ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ತಿಳಿಯುವುದಿಲ್ಲ. ಎಂಜಿನ್ ಓಡಿಸಿ ನೋಡುವ ಕೆಲಸ ಮುಚ್ಚಿದ ಶೆಡ್‌ನಲ್ಲಿ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಏರ್ ಫಿಲ್ಟರ್ ಬಾಕ್ಸ್ ಕತ್ತರಿಸುವ ಮುನ್ನ

ಸೈಲೆನ್ಸರ್ ಜತೆಗೆ 'ಫ್ರೀ ಫ್ಲೋ' ಏರ್ ಫಿಲ್ಟರ್ ಹಾಕಿಸುವುದು, ಫಿಲ್ಟರ್ ಬಾಕ್ಸ್‌ಗೆ ತೂತು ಕೊರೆಯುವುದು ಇನ್ನೊಂದು ರೂಢಿ. ಸೈಲೆನ್ಸರ್‌ನ ಹಿಂದಿನ ಭಾಗ ಮಾತ್ರ ಬದಲಿಸಿದ್ದಕ್ಕಿಂತ ಇದರ ಪರಿಣಾಮ ಹೆಚ್ಚು. ಡಯಾಫ್ರಾಮ್ ಇರುವ ಸಿವಿ ಕಾರ್ಬೊರೇಟರ್‌ಗಳಲ್ಲಿ ಸ್ಲೈಡ್ ಮೇಲೇಳುವುದು ಒಳಗಿನ ಒತ್ತಡದ ವ್ಯತ್ಯಾಸದಿಂದ. ಫಿಲ್ಟರ್ ಬಾಕ್ಸ್ ತೆಗೆದು ಹಾಕಿದರೆ ಆ ಹೊಂದಾಣಿಕೆಯೇ ಕೆಡುತ್ತದೆ. ಬರಿ ಜೆಟ್ ಬದಲಿಸಿ ಅದನ್ನು ಸರಿಪಡಿಸುವುದು ಕಷ್ಟ.

ಮುಂಬೈನ ಧೂಳು ಮತ್ತು ಮಳೆ ಬೇರೆ ಲೆಕ್ಕ. ತೆರೆದ ಫಿಲ್ಟರ್‌ಗೆ ಮಳೆಗಾಲದಲ್ಲಿ ನೀರು ಎರಚಿದರೆ ಅದು ನೇರ ಎಂಜಿನ್‌ನ ದಾರಿ ಹಿಡಿಯಬಹುದು. ಕಂಪನಿ ಬಾಕ್ಸ್ ಇರುವುದು ಗಾಳಿ ತಡೆಯಲಿಕ್ಕಲ್ಲ, ನೀರು ಮತ್ತು ಧೂಳು ತಡೆಯಲಿಕ್ಕೆ.

ಮುಂಬೈನಲ್ಲಿ ಸರಿಯಿದ್ದ ಬೈಕ್ ಬೆಂಗಳೂರಿನಲ್ಲಿ ಯಾಕೆ ಬದಲಾಗುತ್ತದೆ?

ವಡಾಲ ಕನ್ನಡಿಗರಿಗೆ ಹೊಸ ಹೆಸರಲ್ಲ. ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ಇರುವುದು ಇಲ್ಲಿಯೇ. ರಜೆಗೆ ಬೈಕ್‌ನಲ್ಲೇ ಊರಿಗೆ ಹೊರಡುವವರಿಗೆ ಕಾರ್ಬೊರೇಟರ್ ಇನ್ನೊಂದು ಪಾಠ ಕಲಿಸುತ್ತದೆ.

ಮುಂಬೈ ಇರುವುದು ಸಮುದ್ರಮಟ್ಟದಲ್ಲಿ. ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್‌ಗೆ ಅವಕಾಶವಿಲ್ಲದ ಕಾರಣ ಹಳೆಯ ಹೆದ್ದಾರಿಯಲ್ಲಿ ಲೋಣಾವಳ ಘಾಟಿ ಹತ್ತಿದರೆ 600 ಮೀಟರ್‌ ದಾಟುತ್ತದೆ. ಬೆಳಗಾವಿ ಸುಮಾರು 750 ಮೀಟರ್, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿವೆ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮುಂಬೈಗಿಂತ ಸುಮಾರು ಶೇ 10ರಷ್ಟು ಕಡಿಮೆ. ಗಾಳಿ ತೆಳುವಾದರೂ ಕಾರ್ಬೊರೇಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕಡಿಮೆ ಮಾಡುವುದಿಲ್ಲ. ಹಾಗಾಗಿ ಮುಂಬೈನಲ್ಲಿ ಟ್ಯೂನ್ ಮಾಡಿದ ಬೈಕ್ ಬೆಂಗಳೂರಿನಲ್ಲಿ ಸ್ವಲ್ಪ ರಿಚ್ ಆಗುತ್ತದೆ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದ್ದು ಉಲ್ಟಾ ಪ್ರಯಾಣ. ಬೆಂಗಳೂರಿನಲ್ಲಿ ಓಪನ್ ಸೈಲೆನ್ಸರ್‌ಗೆ ತಕ್ಕಂತೆ ಜೆಟ್ ಹಾಕಿಸಿದ ಬೈಕ್ಕನ್ನು ಮುಂಬೈಗೆ ತಂದರೆ ಮಿಶ್ರಣ ಲೀನ್ ಕಡೆಗೆ ಸರಿಯುತ್ತದೆ. ಕೆಲಸ ಸಿಕ್ಕಿ ಬೈಕ್ ಸಮೇತ ಮುಂಬೈಗೆ ಬಂದವರು ಇಲ್ಲಿ ಒಮ್ಮೆ ಮಿಕ್ಸ್ಚರ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಂಜೆಕ್ಷನ್ ಬೈಕ್‌ಗಳಿಗೆ ಈ ತಲೆನೋವಿಲ್ಲ. ಅವುಗಳ ಸೆನ್ಸರ್ ಗಾಳಿಯ ಒತ್ತಡ ಓದಿಕೊಂಡು ಲೆಕ್ಕ ಸರಿಪಡಿಸುತ್ತದೆ.

ಬಿಎಸ್6 ಬೈಕ್‌ನಲ್ಲಿ ತಿರುಗಿಸಲು ಸ್ಕ್ರೂ ಇಲ್ಲ

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಜಾರಿಗೆ ಬಂತು. ಅದರೊಂದಿಗೆ ಹೊಸ ಬೈಕ್‌ಗಳಿಂದ ಕಾರ್ಬೊರೇಟರ್ ಬಹುಪಾಲು ಮರೆಯಾಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಇಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಎಂದು ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್.

ಬಹಳಷ್ಟು ಬೈಕ್‌ಗಳ ಇಸಿಯು ಒಳಬರುವ ಗಾಳಿಯನ್ನು ನೇರವಾಗಿ ತೂಗುವುದಿಲ್ಲ. ಆಕ್ಸಲರೇಟರ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಗಾಳಿಯ ಒತ್ತಡ ಮತ್ತು ಬಿಸಿ ಎಷ್ಟು ಎಂದು ನೋಡಿ, ಕಂಪನಿ ಮೊದಲೇ ತುಂಬಿಟ್ಟ ಕೋಷ್ಟಕದಿಂದ ಗಾಳಿಯನ್ನು ಅಂದಾಜಿಸುತ್ತದೆ. ಆ ಕೋಷ್ಟಕ ತಯಾರಾಗಿದ್ದು ಕಂಪನಿ ಸೈಲೆನ್ಸರ್ ಇಟ್ಟುಕೊಂಡು. ಪೈಪು ಬದಲಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಬೆಂಡ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಈ ತಪ್ಪನ್ನು ಒಂದು ಮಿತಿಯೊಳಗೆ ಸರಿಪಡಿಸುತ್ತದೆ. ಐಡ್ಲಿಂಗ್‌ನಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ಸೆನ್ಸರ್ ಮಾತು ಕೇಳಿ ಇಸಿಯು ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತದೆ. ಆದರೆ ಆಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಇಸಿಯು ಸೆನ್ಸರ್ ಮಾತು ಬಿಟ್ಟು ಕೋಷ್ಟಕವನ್ನೇ ನಂಬುತ್ತದೆ. ಎಂಜಿನ್ ಮೇಲೆ ಹೆಚ್ಚು ಭಾರ ಬೀಳುವ ಹೊತ್ತಿನಲ್ಲಿ ಯಾರೂ ತಪ್ಪು ತಿದ್ದುವುದಿಲ್ಲ.

ಕಂಪನಿ ಬೆಂಡ್ ಪೈಪ್ ಉಳಿಸಿಕೊಂಡು ಹಿಂದಿನ ಭಾಗ ಮಾತ್ರ ಬದಲಿಸಿದರೆ ವ್ಯತ್ಯಾಸ ಸಾಮಾನ್ಯವಾಗಿ ಸಣ್ಣದು. ಬೆಂಡ್ ಪೈಪ್, ಏರ್ ಫಿಲ್ಟರ್ ಎಲ್ಲ ಬದಲಾದರೆ ಇಸಿಯು ಸ್ವತಃ ಸರಿಪಡಿಸಿಕೊಳ್ಳುತ್ತದೆ ಎಂದು ನಂಬುವಂತಿಲ್ಲ. ಆಗ ಇರುವ ದಾರಿ ಎರಡು. ಇಂಜೆಕ್ಟರ್‌ಗೆ ಹೋಗುವ ಸಂಕೇತವನ್ನು ನಡುವೆ ತಿದ್ದುವ ಪ್ರತ್ಯೇಕ ಕಂಟ್ರೋಲರ್ ಹಾಕುವುದು ಒಂದು. ಇಸಿಯು ಕೋಷ್ಟಕವನ್ನೇ ಬದಲಿಸುವ ರೀಮ್ಯಾಪ್ ಇನ್ನೊಂದು. ಎರಡನ್ನೂ ಡೈನೊ ಯಂತ್ರದ ಮೇಲೆ ಬೈಕ್ ಓಡಿಸಿ, ವೈಡ್‌ಬ್ಯಾಂಡ್ ಸೆನ್ಸರ್‌ನಿಂದ ಅನುಪಾತ ಅಳೆಯುತ್ತಾ ಮಾಡಬೇಕು. ಅಳತೆಯೇ ಇಲ್ಲದೆ ಲ್ಯಾಪ್‌ಟಾಪ್ ಚುಚ್ಚಿ ಹತ್ತು ನಿಮಿಷದಲ್ಲಿ "ರೀಮ್ಯಾಪ್ ಆಯ್ತು" ಎನ್ನುವುದು ಟ್ಯೂನಿಂಗ್ ಅಲ್ಲ.

ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಇಸಿಯು ಹೊಸ ಸೈಲೆನ್ಸರ್‌ಗೆ ಹೊಂದಿಕೊಳ್ಳುತ್ತದೆ ಎಂಬ ಸಲಹೆಯೂ ಓಡಾಡುತ್ತಿದೆ. ಹಾಗೆ ಮಾಡಿದರೆ ಇಸಿಯು ಕಲಿತಿದ್ದ ಸಣ್ಣಪುಟ್ಟ ತಿದ್ದುಪಡಿ ಅಳಿಸಿಹೋಗಬಹುದು, ಮೂಲ ಕೋಷ್ಟಕ ಬದಲಾಗುವುದಿಲ್ಲ.

ಬಿಸಾಡಿದ ಸೈಲೆನ್ಸರ್ ಒಳಗೆ ಏನಿತ್ತು?

ಬಿಎಸ್6 ಬೈಕ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ವಿಷಕಾರಿ ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಅದು ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಮತ್ತು ನೈಟ್ರೋಜನ್ ಆಗಿ ಬದಲಿಸುತ್ತದೆ. ಕೆಲವು ಬೈಕ್‌ಗಳಲ್ಲಿ ಇದು ಬೆಂಡ್ ಪೈಪ್‌ನಲ್ಲಿದ್ದರೆ, ಇನ್ನು ಕೆಲವಲ್ಲಿ ಸೈಲೆನ್ಸರ್ ಒಳಗೇ ಇರುತ್ತದೆ. ಎರಡನೆಯ ಬಗೆಯ ಬೈಕ್‌ನಲ್ಲಿ ಸೈಲೆನ್ಸರ್ ಕಿತ್ತರೆ ಕನ್ವರ್ಟರ್ ಕೂಡ ಹೋಯಿತು.

ಕನ್ವರ್ಟರ್ ಉಳಿದಿದ್ದರೂ ಸಮಸ್ಯೆ ಇದೆ. ಅದು ಚೆನ್ನಾಗಿ ಕೆಲಸ ಮಾಡುವುದು ಮಿಶ್ರಣ ಪೂರ್ಣ ದಹನದ ಅನುಪಾತದ ತೀರಾ ಹತ್ತಿರ ಇದ್ದಾಗ ಮಾತ್ರ. ಶಕ್ತಿಗಾಗಿ ರಿಚ್ ಮಾಡಿದರೆ ಆ ಮಿತಿ ತಪ್ಪುತ್ತದೆ, ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅದನ್ನೇ ಹಾಳು ಮಾಡಬಹುದು. ಅಂದರೆ ಹೆಚ್ಚು ಶಕ್ತಿ ಮತ್ತು ಕಡಿಮೆ ಹೊಗೆ ಎರಡನ್ನೂ ಒಟ್ಟಿಗೆ ಕೊಡುವ ಟ್ಯೂನಿಂಗ್ ಇಲ್ಲಿ ಸಿಗುವುದಿಲ್ಲ.

ಪಿಯುಸಿ ಪಾಸಾದರೆ ಎಲ್ಲ ಸರಿ ಎಂದೇ? ಅಲ್ಲ. ಪಿಯುಸಿ ಕೇಂದ್ರದಲ್ಲಿ ಅಳೆಯುವುದು ಐಡ್ಲಿಂಗ್‌ನಲ್ಲಿ ಬರುವ ಹೊಗೆಯನ್ನು. ಪೂರ್ತಿ ಆಕ್ಸಲರೇಟರ್ ಕೊಟ್ಟಾಗಿನ ಸ್ಥಿತಿಯನ್ನಾಗಲಿ, ಸದ್ದನ್ನಾಗಲಿ ಅಲ್ಲಿ ಅಳೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಟ್ಯೂನಿಂಗ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ರಸ್ತೆಗೆ ಬಂದಾಗ ಕೇಳುವ ಪ್ರಶ್ನೆ ಬೇರೆ.

* ಕೇಂದ್ರ ಮೋಟಾರು ವಾಹನ ನಿಯಮಾವಳಿಯ 120ನೇ ನಿಯಮ: ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು.
* ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್: ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.
* 182ಎ(4): ಇಂಥ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ.
* 190(2): ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ.

ಸ್ಥಳದಲ್ಲೇ ಕಟ್ಟುವ ದಂಡದ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುಂಬೈ ಸೇರಿದಂತೆ ಹಲವು ನಗರಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ ದೃಶ್ಯಗಳನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿಗೆ ಸೈಲೆನ್ಸರ್‌ಗೆ ಕೊಟ್ಟ ಹಣವೂ ಹೋಯಿತು, ಟ್ಯೂನಿಂಗ್‌ಗೆ ಕೊಟ್ಟ ಹಣವೂ ಹೋಯಿತು.

80 ಡೆಸಿಬಲ್ ಎಂದರೆ ಎಷ್ಟು?

ಬೈಕ್‌ಗಳಿಗೆ ತಯಾರಿಕಾ ಹಂತದಲ್ಲಿ ನಿಗದಿಯಾದ ಶಬ್ದಮಿತಿ ಎಂಜಿನ್ ಗಾತ್ರದ ಮೇಲೆ ನಿಂತಿದೆ. 80 ಸಿಸಿವರೆಗೆ 75 ಡೆಸಿಬಲ್, 80ರಿಂದ 175 ಸಿಸಿವರೆಗೆ 77, ಅದಕ್ಕಿಂತ ಮೇಲೆ 80. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲ. 80 ಇದ್ದದ್ದು 90 ಆದರೆ ಶಬ್ದದ ಶಕ್ತಿ 10 ಪಟ್ಟು ಹೆಚ್ಚಾದಂತೆ. ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇರಬೇಕಾದ ಶಬ್ದದ ಮಟ್ಟ 45 ಡೆಸಿಬಲ್. ವಡಾಲದಂಥ ಕಡೆ ಕಟ್ಟಡಗಳು ಒತ್ತೊತ್ತಾಗಿವೆ, ಕಿಟಕಿಗಳು ರಸ್ತೆಗೇ ತೆರೆದುಕೊಂಡಿವೆ. ರಾತ್ರಿ 12ಕ್ಕೆ ಹಾದುಹೋದ ಒಂದು ಬೈಕ್ ಒಂದು ಸಾಲಿನ ಮನೆಗಳಲ್ಲಿ ಮಲಗಿದ ಕೂಸು, ವಯಸ್ಸಾದವರು, ಬೆಳಗಿನ ಪಾಳಿಗೆ ಏಳಬೇಕಾದವರು ಎಲ್ಲರನ್ನೂ ಎಬ್ಬಿಸಬಲ್ಲದು.

ಸೈಲೆನ್ಸರ್ ಬದಲಿಸಲೇಬೇಕು ಎಂದಿದ್ದರೆ

ಕಂಪನಿ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ದರೆ ಬದಲಿಸುವುದು ಅನಿವಾರ್ಯ. ಆಗ ಅದೇ ಮಾಡೆಲ್‌ನ ಕಂಪನಿ ಭಾಗ ಹಾಕಿಸಿದರೆ ಟ್ಯೂನಿಂಗ್ ಪ್ರಶ್ನೆಯೇ ಬರುವುದಿಲ್ಲ. ಬೇರೆ ಬಗೆಯದು ಬೇಕೆನಿಸಿದರೆ ಈ ಅಂಶಗಳು ನೆನಪಿರಲಿ.

* ಮೊದಲು ಬೈಕ್ ತಯಾರಿಸಿದ ಕಂಪನಿಯೇ ನಿಮ್ಮ ಮಾಡೆಲ್‌ಗೆ ಒಪ್ಪಿಗೆ ಪಡೆದ ಸೈಲೆನ್ಸರ್ ಮಾರುತ್ತಿದೆಯೇ ಎಂದು ಷೋರೂಂನಲ್ಲಿ ವಿಚಾರಿಸಿ. ಲಿಖಿತ ದಾಖಲೆ ಕೇಳಿ.
* ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಅಂಗಡಿಯವರು "ಏನೂ ಆಗಲ್ಲ" ಎಂದದ್ದು ದಾಖಲೆಯಲ್ಲ. ರಸ್ತೆಯಲ್ಲಿ ಉತ್ತರಿಸಬೇಕಾದವರು ನೀವು.
* ನಿಮ್ಮ ಬೈಕ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಎಂದು ತಿಳಿದುಕೊಳ್ಳಿ. ಸೈಲೆನ್ಸರ್ ಒಳಗಿದ್ದರೆ ಬದಲಿಸುವ ಯೋಚನೆ ಬಿಡಿ.
* ವಾರಂಟಿ ಉಳಿದಿದ್ದರೆ ಅದರ ಷರತ್ತು ಓದಿ. ಮಾರ್ಪಾಡಿನ ವಿಷಯ ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು.
* ಹಾಕಿಸಿದ ಮೇಲೆ ಹೊಸ ಗ್ಯಾಸ್ಕೆಟ್, ಲೀಕ್ ಪರೀಕ್ಷೆ, ಆಮೇಲೆ ಮಿಶ್ರಣ. ಈ ಸಾಲು ತಪ್ಪಿಸಬೇಡಿ.
* ಎಂಜಿನ್ ಲೈಟ್ ಉರಿಯತೊಡಗಿದರೆ, ಬಿಸಿ ಹೆಚ್ಚಿದರೆ ಓಡಿಸುತ್ತಾ ಹೋಗಬೇಡಿ.

ಈಗಾಗಲೇ ಬದಲಿಸಿ ತೊಂದರೆ ಅನುಭವಿಸುತ್ತಿರುವವರಿಗೆ ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯೊಂದಿದೆ. ಹಳೆಯ ಕಂಪನಿ ಸೈಲೆನ್ಸರ್ ಮನೆಯಲ್ಲಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ ಅದನ್ನೇ ಕೂರಿಸಿ, ಜೆಟ್ ಮತ್ತು ಸ್ಕ್ರೂ ಹಿಂದಿನ ಅಳತೆಗೆ ತಂದು, ಒಂದು ವಾರ ಓಡಿಸಿ ನೋಡುವುದು. ಪಿಕಪ್ ಮರಳಿ ಬಂದು, ಬಿಸಿ ತಗ್ಗಿದರೆ ಬೈಕ್‌ಗೆ ಬೇರೆ ರೋಗವಿರಲಿಲ್ಲ ಎಂದರ್ಥ. ಹಾಗಾಗಿ ಗ್ಯಾರೇಜ್‌ನವರು ಬಿಚ್ಚಿದ ಹಳೆಯ ಸೈಲೆನ್ಸರ್ರನ್ನು ಗುಜರಿಗೆ ಹಾಕಲು ಬಿಡಬೇಡಿ. ಮನೆಗೆ ತಂದು ಎತ್ತಿಡಿ. ಬೈಕ್ ಮಾರುವಾಗಲೂ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.